ಹಗೇವಿನ ಬಾಯಿ ತೆಗೆಯುವ ಮುನ್ನ

ಹುಬ್ಬಳ್ಳಿ, 17 ಜನವರಿ 2026

ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಂದ, ಅವಳಿ ನಗರದ ಖಾಸಗಿ ಶಾಲೆ-ಕಾಲೇಜು, ಆಸ್ಪತ್ರೆ, ಆಫೀಸುಗಳಿಂದ ಈ ವರ್ಷ ನಿವೃತ್ತರಾಗುತ್ತಿರುವ ಅಣ್ಣಾವ್ರೇ, ಅಕ್ಕಾವ್ರೇ,

ಸಂಕ್ರಮಣದ ಎಳ್ಳು-ಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ತೆರಿಗೆಯ ಮಾತು ತೆಗೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮಾರ್ಚ್ 31ಕ್ಕೆ ಉಳಿದಿರುವುದು ಹತ್ತು ವಾರ ಚಿಲ್ಲರೆ. ನಾನು ಹೇಳಬೇಕಾದದ್ದು ಬಹುಪಾಲು ಆ ತಾರೀಖಿನ ಆಚೆ-ಈಚೆಯ ವಿಷಯ.

ಮೊನ್ನೆ ಕೊಪ್ಪಿಕರ್ ರಸ್ತೆಯ ಮಾಳಿಗೆ ಮೇಲಿನ ನನ್ನ ಆಫೀಸಿಗೆ ಗಂಡ-ಹೆಂಡತಿ ಬಂದಿದ್ದರು. ಗಂಡ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ದುಡಿದವರು. ಫೆಬ್ರುವರಿ ಕೊನೆಗೆ 60 ತುಂಬಿ ಹೊರಬೀಳುತ್ತಾರೆ. ಕೈಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹರವಿದರು. ಪಿಎಫ್ 31 ಲಕ್ಷ. ಎನ್‌ಪಿಎಸ್ 18 ಲಕ್ಷ. ಇಪ್ಪತ್ತು ವರ್ಷದ ಹಿಂದೆ ಏಜೆಂಟರ ಒತ್ತಾಯಕ್ಕೆ ಮಾಡಿಸಿದ ವಿಮೆ ಕಂಪನಿಯ ಪೆನ್ಷನ್ ಪಾಲಿಸಿ, ಈಗ ಸರೆಂಡರ್ ಮಾಡಿದರೆ 6 ಲಕ್ಷ. ಗಾಮನಗಟ್ಟಿ ಕಡೆ ಒಂದು ಪ್ಲಾಟು, ಮಗಳ ಮದುವೆಗೆಂದು ಇಟ್ಟದ್ದು.

"ಎಲ್ಲಾ ಒಮ್ಮೆ ತಗದು ಕೈತೊಳ್ಕೊಂಡ ಬಿಡಬೇಕಂತ ಮಾಡೇನ್ರಿ ಸರ," ಅಂದರು ಅವರು.

ಹೆಂಡತಿ ಅವರಿಗಿಂತ ಚುರುಕು. "ತಗದ್ರ ಟ್ಯಾಕ್ಸ್ ಹಾಕ್ತಾರ ಅಂತಾರ. ಬಿಟ್ರ ರೊಕ್ಕ ಮುಳಗ್ತದ ಅಂತಾರ. ಖರೇ ಯಾವ್ದ್ರೀ?"

ಎರಡೂ ಪೂರ್ತಿ ಖರೆಯಲ್ಲ. ಅವರಿಗೆ ಅವತ್ತು ಒಂದೂವರೆ ತಾಸು ಹಿಡಿದು ಹೇಳಿದ್ದನ್ನೇ ನಿಮಗೆಲ್ಲ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹೊತ್ತು ಬರುವವರು ಈಗ ವಾರಕ್ಕೆ ನಾಲ್ಕೈದು ಮಂದಿ. ಗಂಟಲಿಗೂ ವಯಸ್ಸಾಗುತ್ತಿದೆ.

ನಮ್ಮ ಊರಿನ ಒಂದು ತಮಾಷೆ ಗಮನಿಸಿದ್ದೀರೋ ಇಲ್ಲವೋ. ಚಿಗರಿ ಬಸ್ಸಿನಲ್ಲಿ ನವನಗರಕ್ಕೆ ಬಂದಿಳಿದರೆ ಅಲ್ಲಿ ಆದಾಯ ತೆರಿಗೆ ಕಚೇರಿ, ಅದರ ಬೆನ್ನಿಗೇ ಪಿಎಫ್ ಕಚೇರಿಯ ಭವಿಷ್ಯ ನಿಧಿ ಭವನ. ಹಿಂದಿನ ಕಟ್ಟಡದಲ್ಲಿ ರೊಕ್ಕ ಕೊಡುತ್ತಾರೆ, ಮುಂದಿನ ಕಟ್ಟಡದಲ್ಲಿ ಇಸಿದುಕೊಳ್ಳುತ್ತಾರೆ ಎಂದು ಅರ್ಧ ಊರು ನಂಬಿಕೊಂಡಿದೆ. ಪಿಎಫ್ ಮಟ್ಟಿಗೆ ಈ ನಂಬಿಕೆ ತಪ್ಪು. ಸತತ ಐದು ವರ್ಷ ಸೇವೆ ಆಗಿದ್ದರೆ, ಕಂಪನಿ ಬದಲಿಸಿದರೂ ಖಾತೆ ವರ್ಗ ಮಾಡಿಸಿಕೊಂಡಿದ್ದರೆ, ನಿವೃತ್ತಿಗೆ ಕೈಗೆ ಬರುವ ಪಿಎಫ್ ಗಂಟಿಗೆ ತೆರಿಗೆ ಇಲ್ಲ. ಐದು ವರ್ಷದೊಳಗೆ 50 ಸಾವಿರಕ್ಕಿಂತ ಹೆಚ್ಚು ತೆಗೆದರೆ ಶೇ 10 ಟಿಡಿಎಸ್ ಮುರಿಯುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ 20. ಈ ಪೆಟ್ಟು ಬೀಳುವುದು ನಿಮಗಲ್ಲ, ಎರಡು ವರ್ಷಕ್ಕೊಂದು ಕೆಲಸ ಬದಲಿಸಿ ಪ್ರತಿ ಸಲ ಪಿಎಫ್ ಬಿಡಿಸಿಕೊಳ್ಳುವ ನಿಮ್ಮ ಮಕ್ಕಳಿಗೆ. ಅವರ ಕಿವಿಗೆ ಒಂದು ಮಾತು ಹಾಕಿಡಿ.

ಪಿಎಫ್ ಗಂಟಿಗೆ ತೆರಿಗೆ ಇಲ್ಲದಿರುವುದು ಸುಮ್ಮನೆ ಉಳಿದು ಬಂದದ್ದಲ್ಲ. 2016ರ ಫೆಬ್ರುವರಿ 29ರಂದು ಅರುಣ್ ಜೇಟ್ಲಿಯವರು ಮಂಡಿಸಿದ ಬಜೆಟ್ಟಿನಲ್ಲಿ ಒಂದು ಸಾಲಿತ್ತು: ಆ ಏಪ್ರಿಲ್‌ನಿಂದ ಜಮೆಯಾಗುವ ಪಿಎಫ್ ಗಂಟಿನಲ್ಲಿ ಶೇ 40ಕ್ಕೆ ಮಾತ್ರ ವಿನಾಯಿತಿ, ಉಳಿದದ್ದರಿಂದ ಆನ್ಯುಟಿ, ಅಂದರೆ ವಿಮೆ ಕಂಪನಿ ಜೀವನವಿಡೀ ಕೊಡುವ ಪೆನ್ಷನ್, ಕೊಳ್ಳದಿದ್ದರೆ ತೆರಿಗೆ. ದೇಶವೆಲ್ಲ ಗದ್ದಲವೆದ್ದು ಮಾರ್ಚ್ 8ಕ್ಕೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಪಗಾರದಾರರ ಗದ್ದಲ ಅದು, ಪತ್ರಿಕೆಯಲ್ಲಿ, ಟಿವಿಯಲ್ಲಿ ನಡೆದದ್ದು. ಆದರೆ ಅದೇ ಫೆಬ್ರುವರಿ 10ರಂದು ಇನ್ನೊಂದು ಆದೇಶ ಹೊರಟಿತ್ತು, ಅದರ ಸದ್ದು ಯಾರಿಗೂ ಕೇಳಿರಲಿಲ್ಲ. ಕೆಲಸ ಬಿಟ್ಟವರು ತಮ್ಮ ಪಾಲನ್ನಷ್ಟೇ ತೆಗೆಯಬಹುದು, ಮಾಲೀಕರ ಪಾಲು 58 ತುಂಬುವ ತನಕ ಒಳಗೇ ಇರಬೇಕು ಎಂದು. ಏಪ್ರಿಲ್ 18ರ ಸೋಮವಾರ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಇಳಿದರು. ಮುಂದೆ ನಿಂತ ದೊಡ್ಡ ನಾಯಕರಿಲ್ಲ. ಮರುದಿನ ಗಲಾಟೆ ಹೆಚ್ಚಿ ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಅದೇ ಸಂಜೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶವನ್ನು ರದ್ದು ಮಾಡಿದರು.

ಸುಡುವುದು, ಒಡೆಯುವುದು ನನಗೆ ಒಪ್ಪಿಗೆಯಲ್ಲ. ಆದರೂ ನಮ್ಮ ಕಸುಬಿನವರು ವರ್ಷಕ್ಕೊಮ್ಮೆ ಬಜೆಟ್ ಬಗ್ಗೆ ಭಾಷಣ ಮಾಡುವಾಗ ಆ ಹೆಣ್ಣುಮಕ್ಕಳನ್ನು ಒಮ್ಮೆಯೂ ನೆನೆಯುವುದಿಲ್ಲವಲ್ಲ ಎಂದು ಕೆಡುಕೆನಿಸುತ್ತದೆ. ತಿಂಗಳ ಪಗಾರ ತಿಂಗಳಿಗೇ ತೀರುವವರಿಗೆ ಪಿಎಫ್ ಎಂದರೆ ಮುಪ್ಪಿನ ಊರುಗೋಲಲ್ಲ. ಬಾಣಂತನ, ಬಾಡಿಗೆ ಮನೆಯ ಅಡ್ವಾನ್ಸು, ತಂಗಿಯ ಲಗ್ನ. ಅವರು ಯಾವಾಗ ಎಷ್ಟು ತೆಗೆಯಬೇಕು ಎಂಬುದನ್ನು ದಿಲ್ಲಿಯಲ್ಲಿ ಕುಳಿತು ಒಂದೇ ಅಳತೆಗೆ ಹೊಲಿಯಲು ಹೋದರೆ ಹೀಗೇ ಆಗುವುದು.

ನಿಮ್ಮ ಪಿಎಫ್ ವಿಷಯಕ್ಕೆ ಬರೋಣ. ತೆರಿಗೆ ಇಲ್ಲ ಎಂದ ಮೇಲೆ ಅಲ್ಲೇ ಬಿಟ್ಟು ಬಡ್ಡಿ ತಿನ್ನೋಣ ಎಂದು ಕೆಲವರ ಲೆಕ್ಕ. 55 ದಾಟಿ ನಿವೃತ್ತರಾದವರ ಖಾತೆಗೆ ಮೂರು ವರ್ಷ ಬಡ್ಡಿ ಬರುತ್ತದೆ, ಅದು ನಿಜ. ಆದರೆ ನಿವೃತ್ತಿಯ ಮರುದಿನದಿಂದ ಬರುವ ಬಡ್ಡಿಗೆ ತೆರಿಗೆಯುಂಟು. ಬೆಂಗಳೂರಿನ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯಿಂದ 2002ರಲ್ಲಿ ನಿವೃತ್ತರಾದವರೊಬ್ಬರ ಪ್ರಕರಣವನ್ನು ಈ ಕಸುಬಿನವರೆಲ್ಲ ಓದಿರುತ್ತೇವೆ. ಹೊರಬಿದ್ದ ದಿನ ಅವರ ಖಾತೆಯಲ್ಲಿ ಇದ್ದದ್ದು 37.93 ಲಕ್ಷ. ಒಂಬತ್ತು ವರ್ಷ ಮುಟ್ಟದೆ ಬಿಟ್ಟು 2011ರಲ್ಲಿ ತೆಗೆದಾಗ 82 ಲಕ್ಷ. ನಡುವಿನ 44.07 ಲಕ್ಷ ಬಡ್ಡಿಗೆ ತೆರಿಗೆ ಕಟ್ಟಲೇಬೇಕು ಎಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೇಳಿತು. ಕೆಲಸ ನಿಂತ ದಿನಕ್ಕೆ ವಿನಾಯಿತಿಯೂ ನಿಂತಿತು ಎಂಬ ವಾದ ಅದು.

ನಮ್ಮ ಅಜ್ಜಂದಿರ ಕಾಲದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಹಗೇವಿನ ಬಾಯಿ ತೆಗೆದರೆ ಕಾಳೆಲ್ಲ ಮೇಲೆ ತೆಗೆದು ಮುಗಿಸಬೇಕು, ಅರ್ಧ ತೆಗೆದು ಅರ್ಧ ಬಿಡುವ ಹಾಗಿಲ್ಲ. ಮನೆಯೊಳಗಿನ ಕಣಜ ಬೇರೆ, ಬುಡದ ಕಿಂಡಿಯಿಂದ ಅವತ್ತಿಗೆ ಬೇಕಾದಷ್ಟು ಇಳಿಸಿಕೊಂಡು ಮತ್ತೆ ಬಟ್ಟೆ ತುರುಕುತ್ತಿದ್ದರು. ನಿವೃತ್ತಿಯಲ್ಲಿ ಪಿಎಫ್ ಹಗೇವು, ಎನ್‌ಪಿಎಸ್ ಕಣಜ. ಪಿಎಫ್ ತೆಗೆದು ಮುಗಿಸಿಬಿಡಿ ಎಂದು ಆ ದಂಪತಿಗೆ ಹೇಳಿದೆ. ತಲೆ ಓಡಿಸಬೇಕಾದದ್ದು ಎನ್‌ಪಿಎಸ್‌ನಲ್ಲಿ.

ಎನ್‌ಪಿಎಸ್ ನಮ್ಮಂಥ ಖಾಸಗಿಯವರಿಗೆ ತೆರೆದದ್ದು 2009ರ ಮೇ 1ರಂದು. ಆಗ ತೆಗೆಯುವ ಗಂಟಿಗೆಲ್ಲ ತೆರಿಗೆಯಿತ್ತು. ಪಿಎಫ್ ಮೇಲೆ ತೆರಿಗೆ ಹೇರಲು ಹೋದ 2016ರ ಅದೇ ಬಜೆಟ್ ಎನ್‌ಪಿಎಸ್‌ಗೆ ಶೇ 40 ವಿನಾಯಿತಿ ಕೊಟ್ಟಿತು. 2019-20ರಿಂದ ಅದು ಶೇ 60 ಆಯಿತು. ಅರವತ್ತು ಪಾಲು ಕೈಗೆ, ತೆರಿಗೆಯಿಲ್ಲದೆ. ನಲವತ್ತು ಪಾಲಿಗೆ ವಿಮೆ ಕಂಪನಿಯಿಂದ ಆನ್ಯುಟಿ. ಆನ್ಯುಟಿ ಕೊಳ್ಳುವ ದಿನ ತೆರಿಗೆ ಇಲ್ಲ, ಮುಂದೆ ತಿಂಗಳು ತಿಂಗಳು ಬರುವ ಪೆನ್ಷನ್ ಮಾತ್ರ ಆಯಾ ವರ್ಷದ ಆದಾಯಕ್ಕೆ ಸೇರುತ್ತದೆ.

2023ರ ಅಕ್ಟೋಬರಿನಲ್ಲಿ ಪೆನ್ಷನ್ ನಿಯಂತ್ರಣ ಪ್ರಾಧಿಕಾರವಾದ ಪಿಎಫ್‌ಆರ್‌ಡಿಎ ಕಣಜಕ್ಕೆ ಕಿಂಡಿ ಮಾಡಿಕೊಟ್ಟಿತು. ಅರವತ್ತು ಪಾಲನ್ನು ಒಮ್ಮೆಲೇ ತೆಗೆಯಬೇಕೆಂದಿಲ್ಲ. ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ಇಲ್ಲ ವರ್ಷಕ್ಕೊಮ್ಮೆ ಇಷ್ಟು ಎಂದು ಬರೆದುಕೊಟ್ಟರೆ ಆಗಿನ ನಿಯಮದಂತೆ 75 ವಯಸ್ಸಿನ ತನಕ ಕಂತಿನಲ್ಲಿ ಬರುವಂತಾಯಿತು. ಕಂತಿನಲ್ಲಿ ತೆಗೆದ ಮಾತ್ರಕ್ಕೆ ವಿನಾಯಿತಿ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟು ಜನ "ತಿಂಗಳಾ ತಿಂಗಳಾ ಬಂದ್ರ ಪಗಾರ ಇದ್ದಂಗ, ಟ್ಯಾಕ್ಸ್ ಹಾಕ್ತಾರ" ಎಂದು ಹೆದರಿ ಗಂಟನ್ನು ಒಮ್ಮೆಲೇ ತೆಗೆದರೋ! ತೆಗೆದು ಏನು ಮಾಡಿದರು? ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರು. ಎಫ್‌ಡಿ ಬಡ್ಡಿ ಪೂರ್ತಿ ತೆರಿಗೆಗೆ ಒಳಪಟ್ಟದ್ದು. ತೆರಿಗೆಗೆ ಹೆದರಿ ತೆರಿಗೆ ಇಲ್ಲದ ಕಡೆಯಿಂದ ಇರುವ ಕಡೆಗೆ ರೊಕ್ಕ ಸಾಗಿಸಿದಂತಾಯಿತು. ಕಣಜದೊಳಗೆ ಉಳಿದದ್ದಕ್ಕೆ ವರ್ಷ ವರ್ಷ ಲೆಕ್ಕ ಒಪ್ಪಿಸುವ ತಾಪತ್ರಯ ಇರಲಿಲ್ಲ. ಮಾರುಕಟ್ಟೆ ಏರಿಳಿತದ ಅಪಾಯ ಇತ್ತು, ಇಲ್ಲವೆನ್ನಲಾರೆ. ಅದಕ್ಕೆ ಹೆದರುವವರು ಶೇರಿನ ಪಾಲು ಕಡಿಮೆ ಮಾಡಿಕೊಂಡು ಒಳಗೇ ಇರಬಹುದು.

2025ರ ಡಿಸೆಂಬರಿನಲ್ಲಿ ನಿಯಮ ಮತ್ತೆ ಬದಲಾಗಿದೆ. ಸರ್ಕಾರಿ ನೌಕರರಲ್ಲದವರು ಇನ್ನು ಶೇ 80 ತೆಗೆಯಬಹುದು, ಆನ್ಯುಟಿಗೆ 20 ಇಟ್ಟರೆ ಸಾಕು. ಗಂಟು 8 ಲಕ್ಷದೊಳಗಿದ್ದರೆ ಪೂರ್ತಿ ತೆಗೆಯಬಹುದು. 8ರಿಂದ 12 ಲಕ್ಷದ ನಡುವೆ ಇದ್ದರೆ 6 ಲಕ್ಷ ಕೈಗೆ ಪಡೆದು, ಉಳಿದದ್ದನ್ನು ಕನಿಷ್ಠ ಆರು ವರ್ಷಕ್ಕೆ ಹಂಚಿಕೊಂಡು ಕಂತಿನಲ್ಲಿ ಇಳಿಸಿಕೊಳ್ಳಬಹುದು. ಬೇಡವೆಂದರೆ 85 ವಯಸ್ಸಿನ ತನಕ ಮುಟ್ಟದೆಯೂ ಇರಬಹುದು. ವಾಟ್ಸಾಪಿನಲ್ಲಿ ಇದೆಲ್ಲ ಬಂದದ್ದು "80 ಪರ್ಸೆಂಟ್ ಟ್ಯಾಕ್ಸ್ ಫ್ರೀ" ಎಂಬ ಒಂದೇ ಸಾಲಿನಲ್ಲಿ. ನಿಲ್ಲಿ. ತೆಗೆಯಲು ಬಿಟ್ಟದ್ದು ಪಿಎಫ್‌ಆರ್‌ಡಿಎ. ವಿನಾಯಿತಿ ಕೊಡಬೇಕಾದದ್ದು ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ನಾನು ಈ ಪತ್ರ ಬರೆಯುವ ದಿನಕ್ಕೂ ಇರುವ ಅಂಕಿ 60. ನಡುವಿನ ಇಪ್ಪತ್ತು ಪಾಲನ್ನು ತೆರಿಗೆಯ ಆದಾಯವೆಂದೇ ಹಿಡಿದು ಲೆಕ್ಕ ಮಾಡಿ. 8 ಲಕ್ಷ ಪೂರ್ತಿ ತೆಗೆದವರೂ ಅದರಲ್ಲಿ 3 ಲಕ್ಷ 20 ಸಾವಿರವನ್ನು ಹಾಗೆಯೇ ಎಣಿಸಿಕೊಳ್ಳುವುದು ಕ್ಷೇಮ.

ಹೆದರಬೇಕೆ? ಇಲ್ಲಿ ನನ್ನ ಕಸುಬಿಗೆ ನಷ್ಟವಾಗುವ ಮಾತೊಂದು ಹೇಳುತ್ತೇನೆ. ಈ ಪತ್ರ ಓದುವವರಲ್ಲಿ ಹತ್ತಕ್ಕೆ ಎಂಟು ಮಂದಿ ನಿವೃತ್ತಿಯ ನಂತರ ಒಂದು ಪೈಸೆ ಆದಾಯ ತೆರಿಗೆಯನ್ನೂ ಕಟ್ಟಬೇಕಾಗುವುದಿಲ್ಲ ಎಂಬುದು ನನ್ನ ಅಂದಾಜು. ಹೊಸ ಪದ್ಧತಿಯಲ್ಲಿ 2025-26ರಿಂದ ವರ್ಷದ ಆದಾಯ 12 ಲಕ್ಷದ ತನಕ ರಿಬೇಟ್ ಸಿಕ್ಕು ತೆರಿಗೆ ಸೊನ್ನೆಯಾಗುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ 30 ಲಕ್ಷ ಇಟ್ಟರೂ ಈಗಿನ ಶೇ 8.2ರ ದರದಲ್ಲಿ ವರ್ಷಕ್ಕೆ ಬರುವ ಬಡ್ಡಿ 2 ಲಕ್ಷ 46 ಸಾವಿರ. 12 ಲಕ್ಷಕ್ಕೆ ಅದು ಎಲ್ಲಿಯ ಮಾತು? ಸಿಕ್ಕಿಬೀಳುವವರು ಯಾರೆಂದರೆ, ನಾಲ್ಕು ವರ್ಷಕ್ಕೆ ಹಂಚಿಹೋಗಬೇಕಾದ ಆದಾಯವನ್ನು ಒಂದೇ ವರ್ಷಕ್ಕೆ ತುರುಕಿದವರು. ಅದೂ ಪಗಾರ ಬರುತ್ತಿದ್ದ ವರ್ಷಕ್ಕೆ.

ಮೇಂಟೆನೆನ್ಸ್ ಅಣ್ಣಾವ್ರ ಕಾಗದಗಳನ್ನೇ ನೋಡಿ. ಈ ಹಣಕಾಸು ವರ್ಷದಲ್ಲಿ ಹನ್ನೊಂದು ತಿಂಗಳ ಪಗಾರ 11 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದರೆ 10.25 ಲಕ್ಷ, ತೆರಿಗೆ ಸೊನ್ನೆ. ಅವರು ಅಂದುಕೊಂಡಂತೆ ಮಾರ್ಚಿನಲ್ಲೇ ಕೈತೊಳೆದುಕೊಂಡಿದ್ದರೆ? ಎನ್‌ಪಿಎಸ್ 18 ಲಕ್ಷದಲ್ಲಿ 80 ಪಾಲು 14.40 ಲಕ್ಷ. ಅದರಲ್ಲಿ 10.80 ಲಕ್ಷಕ್ಕೆ ವಿನಾಯಿತಿ, ಉಳಿದ 3.60 ಲಕ್ಷ ಆದಾಯ. ಪಾಲಿಸಿ ಸರೆಂಡರ್ ಮಾಡಿದ 6 ಲಕ್ಷ, ಕಟ್ಟುವಾಗ ತೆರಿಗೆ ರಿಯಾಯಿತಿ ಪಡೆದಿದ್ದರಿಂದ ಅದೂ ಆದಾಯ. ಒಟ್ಟು 19.85 ಲಕ್ಷ. ತೆರಿಗೆ 1,97,000, ಸೆಸ್ ಸೇರಿ 2,04,880 ರೂಪಾಯಿ.

ಈಗ ಅದನ್ನೇ ಹಂಚಿ ನೋಡಿದೆವು. ಮಾರ್ಚಿನಲ್ಲಿ ಪಿಎಫ್, ಗ್ರ್ಯಾಚುಟಿ ಅಷ್ಟೇ. ಪಾಲಿಸಿಯ 6 ಲಕ್ಷ ಮಾರ್ಚ್ ದಾಟಿದ ಮೇಲೆ. ಆ ವರ್ಷ ಬಡ್ಡಿಯೂ ಸೇರಿ ಎಂಟೂವರೆ ಲಕ್ಷದ ಆಸುಪಾಸು, ಸೊನ್ನೆ. ಎನ್‌ಪಿಎಸ್‌ನ ಆ 3.60 ಲಕ್ಷ ಅದರ ಮುಂದಿನ ವರ್ಷ, ಬಡ್ಡಿ ಸೇರಿ ಆರು ಲಕ್ಷ ಚಿಲ್ಲರೆ, ಮತ್ತೆ ಸೊನ್ನೆ. ಅಣ್ಣಾವ್ರು ಕ್ಯಾಲ್ಕುಲೇಟರ್ ಇಸಿದುಕೊಂಡು ತಾವೇ ಎರಡು ಸಲ ಕೂಡಿಸಿದರು. ಎರಡು ಲಕ್ಷ ಉಳಿದದ್ದು ಬರೀ ಕಾದದ್ದಕ್ಕೆ ಎಂಬುದು ಅವರಿಗೆ ನಂಬಲಾಗಲಿಲ್ಲ.

ಅಕ್ಕಾವ್ರು ಮಾತ್ರ ಆನ್ಯುಟಿಗೆ ಗಂಟುಬಿದ್ದಿದ್ದರು. 20 ಪಾಲು ಎಂದರೆ 3.60 ಲಕ್ಷ, ನೂರಕ್ಕೆ ಆರೂವರೆಯಂತೆ ಹಿಡಿದರೂ ತಿಂಗಳಿಗೆ ಎರಡು ಸಾವಿರ ಮುಟ್ಟುವುದಿಲ್ಲ. "ಎರಡ ಸಾವಿರದಾಗ ಸಂತಿ ಆಗ್ತದೇನ್ರೀ?" ಅವರು ಕೇಳಿದ್ದು ಸರಿ. ನಲವತ್ತರಿಂದ ಇಪ್ಪತ್ತಕ್ಕೆ ಇಳಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಈ ಗಂಟಿನಲ್ಲಿ ಬದುಕಿರುವಷ್ಟು ದಿನ ನಿಲ್ಲದೆ ಬರುವ ರೊಕ್ಕ ಅದೊಂದೇ. ಗಂಡನ ನಂತರ ಹೆಂಡತಿಗೂ ಮುಂದುವರಿಯುವ ಆಯ್ಕೆ ಬರೆಸಿದರೆ ಅವರಿಗೂ ಅಷ್ಟೇ. ಮಗಳ ಮದುವೆಗೆ, ಅಳಿಯನ ಅಂಗಡಿಗೆ, ಪರಿಚಯದವರ ಸೊಸೈಟಿಯ ಹೆಚ್ಚು ಬಡ್ಡಿಗೆ ಅದು ಕರಗಿ ಹೋಗುವುದಿಲ್ಲ.

ಆ ಪಾಲಿಸಿಯ ಬಗ್ಗೆ ಇನ್ನೊಂದು ಮಾತು. ಸರೆಂಡರ್ ಮಾಡಿದರೆ 6 ಲಕ್ಷವೂ ಆದಾಯ. ಅವಧಿ ಮುಗಿಯಲು ಬಿಟ್ಟು, ಮೂರನೇ ಒಂದು ಪಾಲನ್ನು ಕಮ್ಯುಟೇಷನ್ ಎಂದು ಪಡೆದರೆ ಆ 2 ಲಕ್ಷಕ್ಕೆ ತೆರಿಗೆಯೇ ಇಲ್ಲ, ಉಳಿದದ್ದರ ಪೆನ್ಷನ್ನಿಗೆ ಮಾತ್ರ. ಕಂಪನಿ ಅದೇ, ರೊಕ್ಕ ಅದೇ, ಫಾರ್ಮಿನಲ್ಲಿ ಟಿಕ್ ಹಾಕುವ ಚೌಕ ಬೇರೆ. ಕೌಂಟರಿನವರು ಮುಂದೆ ತಳ್ಳಿದ ಫಾರ್ಮಿಗೆ ಕಣ್ಮುಚ್ಚಿ ಸಹಿ ಹಾಕಿ ಬಂದವರನ್ನು ನಾನು ಬಹಳ ನೋಡಿದ್ದೇನೆ. ಮೊದಲ ವರ್ಷಗಳಲ್ಲಿ ನಾನೂ ಒಬ್ಬ ಹಿರಿಯರಿಗೆ ಇದನ್ನು ಹೇಳಲು ಮರೆತಿದ್ದೆ. ಅವರು ಬಯ್ಯಲಿಲ್ಲ, ಮರುವರ್ಷ ಬೇರೆಯವರ ಹತ್ತಿರ ಹೋದರು.

ಪ್ಲಾಟು ಮಾರುವವರು ಇನ್ನೂ ಹುಷಾರಾಗಿರಬೇಕು. ಪ್ಲಾಟಿನ ದೀರ್ಘಾವಧಿ ಲಾಭಕ್ಕೆ ಬೇರೆಯೇ ದರ, ಅದರ ಮೇಲೆ ಈ ರಿಬೇಟ್ ಸಿಗುವುದಿಲ್ಲ. ಸಾಲದ್ದಕ್ಕೆ 12 ಲಕ್ಷದ ಗೆರೆ ದಾಟಿದಿರೋ ಇಲ್ಲವೋ ಎಂದು ನೋಡುವಾಗ ಆ ಲಾಭವನ್ನೂ ಕೂಡಿಸುತ್ತಾರೆ. ಪ್ಲಾಟು ಮಾರಿದ ವರ್ಷವೇ ಎನ್‌ಪಿಎಸ್‌ನ ತೆರಿಗೆಯ ಪಾಲನ್ನೂ ತೆಗೆದರೆ ಬಡ್ಡಿಗಿದ್ದ ರಿಬೇಟೂ ಹೋಗಬಹುದು. ಮದುವೆ ಮುಹೂರ್ತ ನೋಡುವವರು ಅದೇ ಪಂಚಾಂಗದ ಬದಿಗೆ ಹಣಕಾಸು ವರ್ಷವನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಧಾರವಾಡದ ಮಾಳಮಡ್ಡಿ, ಸಪ್ತಾಪುರಗಳಲ್ಲಿ ಇಂಗ್ಲೆಂಡು, ಅಮೆರಿಕದಲ್ಲಿ ದುಡಿದು ಮರಳಿದವರಿದ್ದೀರಿ. ಇಂಗ್ಲೆಂಡಿನಲ್ಲಿ 2015ರ ಏಪ್ರಿಲ್‌ನಿಂದ ಖಾಸಗಿ ಪೆನ್ಷನ್ ಗಂಟನ್ನು ಬೇಕಾದಂತೆ ಕಂತಿನಲ್ಲಿ ತೆಗೆಯಬಹುದು. ಪ್ರತಿ ಕಂತಿನ ಕಾಲು ಭಾಗಕ್ಕೆ ಅಲ್ಲಿ ತೆರಿಗೆ ಇಲ್ಲ, ಮುಕ್ಕಾಲು ಭಾಗ ಆದಾಯ. ಮೊದಲ ಕಂತಿಗೆ, ಪ್ರತಿ ತಿಂಗಳೂ ಇಷ್ಟೇ ಬರುತ್ತದೆಂಬ ಲೆಕ್ಕದಲ್ಲಿ ಹೆಚ್ಚು ಮುರಿದು, ಆಮೇಲೆ ಅರ್ಜಿ ಹಾಕಿದರೆ ವಾಪಸು ಕೊಡುವ ಚಾಳಿಯೂ ಅಲ್ಲಿದೆ. ಆದರೆ ನೀವೀಗ ಇಲ್ಲಿಯ ನಿವಾಸಿ, ಅಲ್ಲಿ ವಿನಾಯಿತಿ ಎಂದ ಮಾತ್ರಕ್ಕೆ ಇಲ್ಲೂ ವಿನಾಯಿತಿ ಎಂದುಕೊಳ್ಳಬೇಡಿ. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳಲ್ಲಿ ಬೆಳೆಯುವ ಆದಾಯಕ್ಕೆ ವರ್ಷ ವರ್ಷ ಅಲ್ಲ, ತೆಗೆದ ವರ್ಷ ತೆರಿಗೆ ಕಟ್ಟುತ್ತೇನೆಂದು ಬರೆದುಕೊಡುವ ಅವಕಾಶ ನಮ್ಮ ಕಾಯ್ದೆಯ 89ಎ ಕಲಮಿನಲ್ಲಿದೆ. ಒಮ್ಮೆ ಬರೆದುಕೊಟ್ಟರೆ ಮುಂದಿನ ವರ್ಷಗಳಿಗೂ ಅದೇ.

ಸಣ್ಣಪುಟ್ಟವು ಕೆಲವು. ಸರ್ಕಾರಕ್ಕೆ ನಮ್ಮ ಮುಪ್ಪು ಯಾವಾಗ ಶುರುವಾಗುತ್ತದೆ ಎಂಬುದು ಒಂದೊಂದು ಕಚೇರಿಗೆ ಒಂದೊಂದು: ಪಿಎಫ್ ಪೆನ್ಷನ್ನಿಗೆ 58, ತೆರಿಗೆಗೆ 60. ನಡುವಿನ ಎರಡು ವರ್ಷ ನೀವು ಹಿರಿಯ ನಾಗರಿಕರಲ್ಲ. ತೆರಿಗೆ ಬರುವಷ್ಟು ಆದಾಯವಿದ್ದರೆ ಮುಂಗಡ ತೆರಿಗೆ ಕಟ್ಟಬೇಕು, ವ್ಯಾಪಾರವಿಲ್ಲದ 60 ದಾಟಿದವರಿಗಷ್ಟೇ ಅದರಿಂದ ಬಿಡುಗಡೆ. ತೆರಿಗೆ ಇಲ್ಲದ ಗಂಟನ್ನೂ ರಿಟರ್ನ್‌ನ ವಿನಾಯಿತಿ ಆದಾಯದ ಅಂಕಣದಲ್ಲಿ ಬರೆಯಿರಿ. ಬರೆಯದೆ ಬಿಟ್ಟು, ಇಷ್ಟು ರೊಕ್ಕ ಎಲ್ಲಿಂದ ಬಂತು ಎಂಬ ಪತ್ರ ಬಂದಾಗ ರಾತ್ರಿ ಹನ್ನೊಂದಕ್ಕೆ ನನಗೆ ಫೋನು ಮಾಡುವವರಿದ್ದಾರೆ. 2026ರ ಏಪ್ರಿಲ್ 1ರಿಂದ 1961ರ ಹಳೆಯ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ಕಲಮುಗಳ ನಂಬರು ಬದಲಾಗುತ್ತವೆ, ಹಿಂದಿನ ವರ್ಷ-ನಿರ್ಧರಣಾ ವರ್ಷ ಎಂಬ ಜೋಡಿ ಹೋಗಿ "ತೆರಿಗೆ ವರ್ಷ" ಎಂಬ ಒಂದೇ ಹೆಸರು ಉಳಿಯುತ್ತದೆ. ಮೂವತ್ತು ವರ್ಷದಿಂದ ಈ ಎರಡರ ವ್ಯತ್ಯಾಸ ಹೇಳಿ ಹೇಳಿ ಸುಸ್ತಾದ ನನಗೆ ಇದು ಹಬ್ಬ.

ಅವತ್ತು ಏಳುವ ಹೊತ್ತಿಗೆ ಅಣ್ಣಾವ್ರು ಎನ್‌ಪಿಎಸ್ ಫಾರ್ಮಿಗೆ ಸಹಿ ಮಾಡಲು ಪೆನ್ನು ತೆಗೆದಿದ್ದರು. ಈಗ ಬೇಡ ಎಂದೆ. ಫೆಬ್ರುವರಿ ಬಜೆಟ್ ಬರಲಿ. ಆ ನಡುವಿನ ಇಪ್ಪತ್ತು ಪಾಲಿಗೆ ವಿನಾಯಿತಿ ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಅದು ಅಲ್ಲೇ ಇರಲಿ, ಅವಸರವಿಲ್ಲ, 85ರ ತನಕ ಯಾರೂ ಕೇಳುವುದಿಲ್ಲ. ಅಕ್ಕಾವ್ರು ಫಾರ್ಮನ್ನು ಮಡಿಚಿ ಕೈಚೀಲಕ್ಕೆ ಹಾಕಿಕೊಂಡು, "ಏಪ್ರಿಲ್‌ದಾಗ ಬರ್ತೇವ್ರಿ, ಇದನ್ನ ನಾನ ಇಟ್ಕೋತೀನಿ" ಎಂದರು.

ನಿಮ್ಮವ,
ಕೊಪ್ಪಿಕರ್ ರಸ್ತೆಯ ಒಬ್ಬ ಕರ ಸಲಹೆಗಾರ